ಕೈಗೆ ತಕ್ಕ ಕೋಲು

ಮನುಷ್ಯನು ಕನ್ನಡಕವನ್ನು ಕೊಳ್ಳಲು ಹೊರಟಾಗ ಅಭಿಮಾನವನ್ನು ಮನೆಯಲ್ಲಿಯೇ ಬಿಟ್ಟು ಹೋಗುತ್ತಾನೆ. ವೈದ್ಯರು ಗೋಡೆಯ ಮೇಲಿನ ಅಕ್ಷರಗಳನ್ನು ಓದೆಂದರೆ ಓದುತ್ತಾನೆ. ಕಾಣದಿದ್ದರೆ ಕಾಣದೆಂದು ಒಪ್ಪಿಕೊಳ್ಳುತ್ತಾನೆ. "ಪಕ್ಕದ ಮನೆಯ ಜಡ್ಜಿ ಸಾಹೇಬರ ಕನ್ನಡಕ ಬಹು ಚೆನ್ನಾಗಿದೆ, ನನಗೂ ಅದೇ ಗಾಜನ್ನು ಕೊಡಿ" ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಆದರೆ ಅದೇ ಮನುಷ್ಯನು ಆಟದ ಸಾಮಾನನ್ನು ಕೊಳ್ಳುವ ಅಂಗಡಿಯ ಮೆಟ್ಟಿಲನ್ನು ಹತ್ತಿದನೆಂದರೆ, ತಾನು ಏನಾಗಿದ್ದಾನೆ ಎಂಬುದು ಅವನಿಗೆ ಮರೆತುಹೋಗುತ್ತದೆ. ಏನಾಗಬೇಕೆಂದು ಕನಸು ಕಂಡಿರುವನೋ ಅದಕ್ಕೆ ತಕ್ಕುದನ್ನು ಆರಿಸಿಕೊಂಡು ಬರುತ್ತಾನೆ. ಪರರನ್ನು ಆಡಿಕೊಳ್ಳಲು ಈ ಮಾತನ್ನು ಹೇಳುತ್ತಿಲ್ಲ. ಮುಂದೆ ಹೇಳುವುದೆಲ್ಲವೂ ನನ್ನ ಸ್ವಂತ ಅವಿವೇಕದ ಕಥೆ.

ಮೂವತ್ತೆರಡು ವರ್ಷಗಳ ಕಾಲ ಹೈಸ್ಕೂಲಿನ ಮಕ್ಕಳಿಗೆ ಗಣಿತವನ್ನು ಬೋಧಿಸಿ ನಿವೃತ್ತನಾದ ಮರುವರ್ಷವೇ, ನನ್ನ ರಕ್ತದಲ್ಲಿ ಸಕ್ಕರೆಯ ಅಂಶವು ಹೆಚ್ಚಿದೆಯೆಂದೂ ದಿನವೂ ತಪ್ಪದೆ ನಡೆಯಬೇಕೆಂದೂ ವೈದ್ಯರು ವಿಧಿಸಿದರು. ಗೊತ್ತುಗುರಿಯಿಲ್ಲದೆ ನಡೆಯುವುದು ನನ್ನ ಸ್ವಭಾವಕ್ಕೆ ಒಗ್ಗದು. ಇದನ್ನು ಕೇಳಿದ ನಮ್ಮ ಷಡ್ಡಕರು, "ಸುಮ್ಮನೆ ಏಕೆ ನಡೆಯುತ್ತೀರಿ? ಒಂದು ಚೆಂಡನ್ನು ಮುಂದೆ ಅಟ್ಟಿಕೊಂಡು ನಡೆಯಿರಿ, ದೂರ ತಿಳಿಯುವುದಿಲ್ಲ" ಎಂದು ಹೇಳಿ, ತಾವು ಸದಸ್ಯರಾಗಿದ್ದ ಬೆಂಗಳೂರಿನ ಗಾಲ್ಫ್ ಮೈದಾನವೊಂದಕ್ಕೆ ನನ್ನನ್ನು ಅತಿಥಿಯಾಗಿ ಕರೆದೊಯ್ದರು. ಗಾಲ್ಫ್ ಎಂದರೆ ದೊರೆಗಳ ಆಟವೆಂಬ ಭಾವನೆ ನನ್ನಲ್ಲಿ ಬೇರೂರಿತ್ತು. 1829ರಲ್ಲಿ ಕಲ್ಕತ್ತೆಯಲ್ಲಿಯೂ 1876ರಲ್ಲಿ ನಮ್ಮ ಬೆಂಗಳೂರಿನಲ್ಲಿಯೂ ಗಾಲ್ಫ್ ಕ್ಲಬ್ಬುಗಳನ್ನು ಕಟ್ಟಿದವರು ಆಂಗ್ಲರೇ ಅಲ್ಲವೇ? ಆದರೆ ಹಸುರು ಹುಲ್ಲಿನ ಮೇಲೆ ಬೆಳ್ಳಗೆ ಕುಳಿತಿದ್ದ ಆ ಚಿಕ್ಕ ಚೆಂಡನ್ನು ಕಂಡೊಡನೆ, ಬಾಲ್ಯದಲ್ಲಿ ಚಿಣ್ಣಿದಾಂಡು ಆಡಿದ ಕೈ ತಾನಾಗಿಯೇ ತುರಿಸಿತು. ಮೊದಲ ಹತ್ತು ಏಟುಗಳಲ್ಲಿ ಒಂಬತ್ತು ನೆಲಕ್ಕೋ ಗಾಳಿಗೋ ಸಂದವು. ಹತ್ತನೆಯದು ಚೆಂಡಿಗೆ ತಗಲಿತು. ಅದು ಹಕ್ಕಿಯಂತೆ ಮೇಲಕ್ಕೆದ್ದು ಹೋಯಿತು. ಅಷ್ಟಕ್ಕೇ ನಾನು ಮರುಳಾದೆನು.

ಈ ಆಟವನ್ನು ನೋಡದ ವಾಚಕರಿಗಾಗಿ ಒಂದೆರಡು ಮಾತು. ಸುಮಾರು 46 ಗ್ರಾಂ ತೂಗುವ ಚೆಂಡನ್ನು ಕೋಲಿನಿಂದ ಹೊಡೆಯುತ್ತ, ನಾಲ್ಕೂಕಾಲು ಅಂಗುಲ ಅಗಲದ ಕುಳಿಗೆ ಆದಷ್ಟು ಕಡಮೆ ಹೊಡೆತಗಳಲ್ಲಿ ಸೇರಿಸುವುದೇ ಆಟ. ಮೈದಾನಕ್ಕೆ ಗೊತ್ತಾದ ಲೆಕ್ಕಕ್ಕಿಂತ ಒಬ್ಬನು ಎಷ್ಟು ಹೊಡೆತಗಳನ್ನು ಹೆಚ್ಚಾಗಿ ತೆಗೆದುಕೊಳ್ಳುವನೆಂಬುದನ್ನು ಅಳೆಯುವ ಸಂಖ್ಯೆಗೆ ಹ್ಯಾಂಡಿಕ್ಯಾಪ್ ಎಂದು ಹೆಸರು. ಅದು ಇಳಿದಷ್ಟೂ ಆಟಗಾರನು ಮೇಲು. ಆಟಗಾರನ ಚೀಲದಲ್ಲಿ 14ಕ್ಕಿಂತ ಹೆಚ್ಚು ಕೋಲುಗಳು ಇರಕೂಡದೆಂಬ ನಿಯಮವು ಅಮೆರಿಕದಲ್ಲಿ 1938ರಲ್ಲಿಯೂ, ಬ್ರಿಟನ್ನಿನಲ್ಲಿ 1939ರಲ್ಲಿಯೂ ಜಾರಿಗೆ ಬಂದಿತು. ಇವುಗಳಲ್ಲಿ ಅರ್ಧದಷ್ಟು, ಲೋಹದ ತೆಳ್ಳನೆಯ ತಲೆಯುಳ್ಳವು. ಇವನ್ನೇ ಐರನ್ ಎನ್ನುವುದು. ಹಿಕರಿ ಮರದ ಹಿಡಿಕೋಲುಗಳಿದ್ದ ಹಿಂದಿನ ಕಾಲದಲ್ಲಿ ಇವಕ್ಕೆ ಕ್ಲೀಕ್, ಮ್ಯಾಷಿ, ನಿಬ್ಲಿಕ್ ಎಂಬ ವಿಚಿತ್ರ ಹೆಸರುಗಳಿದ್ದವು. ಉಕ್ಕಿನ ಹಿಡಿಕೋಲುಗಳು ಬಂದು ನೆಲೆಯಾದ ಮೇಲೆ ಹೆಸರು ಹೋಗಿ ಸಂಖ್ಯೆ ಉಳಿಯಿತು. ಸಂಖ್ಯೆ ಹೆಚ್ಚಿದಂತೆಲ್ಲ ಕೋಲು ಗಿಡ್ಡವಾಗುತ್ತದೆ, ಅದರ ಮುಖವು ಆಕಾಶದ ಕಡೆಗೆ ವಾಲುತ್ತದೆ, ಚೆಂಡು ಎತ್ತರಕ್ಕೇರಿ ಹತ್ತಿರದಲ್ಲಿ ಬೀಳುತ್ತದೆ. ಹೊಸಬರು ಸಾಮಾನ್ಯವಾಗಿ ಕಲಿಯುವುದು ನಡುವಿನ 7ನೆಯ ಐರನ್ನಿನಿಂದ.

ಎರಡು ತಿಂಗಳು ಎರವಲು ಕೋಲಿನಿಂದ ಆಡಿ, ಇನ್ನು ಸ್ವಂತದ್ದೊಂದು ಜೊತೆ ಬೇಕೆಂದು ನಿಶ್ಚಯಿಸಿದೆನು. ಬಚ್ಚಲುಮನೆಯ ಸೋರುವ ಮಾಡನ್ನು ಸರಿಮಾಡಿಸಲೆಂದು ನನ್ನ ಮನೆಯಾಕೆ ಕೂಡಿಟ್ಟಿದ್ದ ಹಣದತ್ತ ನನ್ನ ಕಣ್ಣು ಹೋಯಿತು. ಆಕೆ ಬೇಡವೆನ್ನಲಿಲ್ಲ. "ಏನೂಂದ್ರೆ, ನಿಮಗೆ ಒಗ್ಗುವುದನ್ನೇ ತನ್ನಿ" ಎಂದಷ್ಟೇ ಹೇಳಿದಳು.

ಅಂಗಡಿಯವರು ಪ್ರಾಮಾಣಿಕರು. ಎಷ್ಟು ದಿನದಿಂದ ಆಡುತ್ತಿರುವಿರೆಂದು ವಿಚಾರಿಸಿ, ಅಗಲವಾದ ತಳವೂ ಬೆನ್ನಿನಲ್ಲಿ ಗುಳಿಯೂ ಉಳ್ಳ ಒಂದು ಜೊತೆಯನ್ನು ಮುಂದಿಟ್ಟರು. ಇಂಥವಕ್ಕೆ ಗೇಮ್ ಇಂಪ್ರೂವ್‌ಮೆಂಟ್ ಐರನ್ ಎಂದು ಹೆಸರಂತೆ. ಆ ಹೆಸರನ್ನು ಕೇಳಿದೊಡನೆ, ನಪಾಸಾದವರಿಗೆ ಸಂಜೆಯ ಹೊತ್ತು ನಡೆಸುವ ವಿಶೇಷ ತರಗತಿ ನನ್ನ ನೆನಪಿಗೆ ಬಂದು ಮೈಯೆಲ್ಲ ಮುದುರಿಕೊಂಡಿತು. ಅದೇ ಮೂಲೆಯಲ್ಲಿ, ಯಾರೋ ನುರಿತ ಆಟಗಾರರು ಮಾರಿಹೋಗಿದ್ದ ಬ್ಲೇಡ್ ಐರನ್ನುಗಳು ನಿಂತಿದ್ದವು. ಕುಲುಮೆಯಲ್ಲಿ ಬಡಿದು ಮಾಡಿದವು. ಚೂರಿಯಂತೆ ತೆಳು, ಕನ್ನಡಿಯಂತೆ ಹೊಳಪು. ಚಾಂಪಿಯನ್ನರು ಹಿಡಿಯುವ ಮಾದರಿಯವು ಎಂದು ಅಂಗಡಿಯವರೇ ಒಪ್ಪಿಕೊಂಡರು. "ಆದರೆ ನಿಮಗೆ..." ಎಂದು ಅವರು ಆರಂಭಿಸಿದ ಮಾತನ್ನು ನಾನು ಮುಗಿಸಗೊಡಲಿಲ್ಲ.

ಮುಂದಿನ ಒಂದು ವರ್ಷದ ವೃತ್ತಾಂತವನ್ನು ವಿಸ್ತರಿಸಬೇಕಾದ್ದಿಲ್ಲ. ಅಂಗೈಯಲ್ಲಿ ಬೊಬ್ಬೆ ಎದ್ದವು. ಮೊಣಕೈ ನೋವು ಹಿಡಿಯಿತು. ಬೆಳಗಿನ ಚಳಿಯಲ್ಲಿ ತಪ್ಪಿ ಹೊಡೆದ ಪ್ರತಿಯೊಂದು ಏಟೂ ಬೆರಳುಗಳಿಂದ ಹಲ್ಲಿನವರೆಗೆ ಝುಮ್ಮೆಂದು ಹರಿಯುತ್ತಿತ್ತು. ನಡೆಯಲೆಂದು ಆರಂಭಿಸಿದ ಆಟದಲ್ಲಿ ನಾನು ನಡೆದದ್ದಕ್ಕಿಂತ ಪೊದೆಗಳಲ್ಲಿ ಚೆಂಡನ್ನು ಹುಡುಕುತ್ತ ಬಗ್ಗಿದ್ದೇ ಹೆಚ್ಚು. ಮನೆಗೆ ಬಂದರೆ ಕಾಫಿ ಆರಿದೆಯೆಂದು ರೇಗುವೆನು. ಮಳೆ ಬಂದ ದಿನ ಬಚ್ಚಲುಮನೆಯಲ್ಲಿ ತೊಟ್ಟಿಕ್ಕುವ ನೀರಿನ ಸದ್ದು ಕೇಳಿದಾಗ ಮಾತ್ರ ಬಾಯಿ ಮುಚ್ಚಿಕೊಂಡು ಕುಳಿತಿರುವೆನು. ಇಷ್ಟಾದರೂ ಕೋಲನ್ನು ನಾನು ಸಂದೇಹಿಸಲಿಲ್ಲ. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ತರಗತಿಯಲ್ಲಿ ಸಾವಿರ ಸಲ ಹೇಳಿದವನು, ಆ ಮಾತು ನನ್ನ ಮೇಲೆ ಬಾರದಂತೆ ಎಚ್ಚರವಾಗಿದ್ದೆನು.

ಆ ಬೇಸಿಗೆಯ ರಜಕ್ಕೆ ಮಗಳ ಮಗಳು ಬಂದಳು. ಒಂಬತ್ತು ವರ್ಷದ ಹುಡುಗಿ. ತಾತ ಹೋದಲ್ಲೆಲ್ಲ ತಾನೂ ಬರುವೆನೆಂದು ಹಟ ಹಿಡಿದಳು. ನನಗೂ ಹೆಮ್ಮೆಯೇ. ನನ್ನ ಜೊತೆಯಲ್ಲಿದ್ದ ಒಂದು 7ನೆಯ ಐರನ್ನಿನ ಹಿಡಿಕೋಲನ್ನು ಕತ್ತರಿಸಿ ಗಿಡ್ಡಮಾಡಿಸಿ, ಅವಳ ಕೈಗೆ ಕೊಟ್ಟು, ಅಭ್ಯಾಸದ ಮೈದಾನದಲ್ಲಿ ನಿಲ್ಲಿಸಿದೆನು. ಮೂರು ದಿನ ಅವಳು ಬೆವರು ಸುರಿಸಿ ಹೊಡೆದಳು. ಚೆಂಡು ಕಪ್ಪೆಯಂತೆ ನಾಲ್ಕು ಮಾರು ಕುಪ್ಪಳಿಸಿ ನಿಲ್ಲುತ್ತಿತ್ತು. ನಾಲ್ಕನೆಯ ದಿನ ಕೋಲನ್ನು ಹುಲ್ಲಿನ ಮೇಲಿಟ್ಟು, "ತಾತ, ನನಗೆ ಬರೋದಿಲ್ಲ" ಎಂದಳು. "ಗಮನ ಕೊಡು. ಗಮನ ಕೊಟ್ಟರೆ ಬಾರದ್ದು ಯಾವುದೂ ಇಲ್ಲ" ಎಂದೆನು. ಧ್ವನಿ ಕೊಂಚ ಏರಿರಬೇಕು. ಪಕ್ಕದವರು ತಿರುಗಿ ನೋಡಿದರು. ಹುಡುಗಿಯ ಕೆಳದುಟಿ ನಡುಗಿತು. ಅವಳು ಅಳದೆ ಹೋಗಿ ಬೆಂಚಿನ ಮೇಲೆ ನನಗೆ ಬೆನ್ನುಮಾಡಿ ಕುಳಿತಳು. ಅತ್ತಿದ್ದರೆ ಚೆನ್ನಾಗಿತ್ತು.

ಅಲ್ಲಿ ಒಬ್ಬ ವೃದ್ಧ ಕ್ಯಾಡಿ ಇದ್ದರು. ಹುಡುಗನಾಗಿದ್ದಾಗಿನಿಂದ ಪರರ ಚೀಲವನ್ನು ಹೊತ್ತು ಮೈದಾನದ ಹುಲ್ಲುಕಡ್ಡಿಗಳನ್ನೆಲ್ಲ ಬಲ್ಲವರು. ಅವರು ಹತ್ತಿರ ಬಂದು, ಕತ್ತರಿಸಿದ ಕೋಲನ್ನು ಎತ್ತಿ ಕೈಯಲ್ಲಿ ತೂಗಿ ನೋಡಿ, "ತಪ್ಪು ತಿಳೀಬೇಡಿ ಸ್ವಾಮಿ. ಮಗೂಗೆ ಕೈ ಇದೆ. ಕೋಲಿಲ್ಲ" ಎಂದರು. ಬಳಿಕ ಗುಡಿಸಲಿನಿಂದ, ಮಕ್ಕಳಿಗಾಗಿಯೇ ಮಾಡಿದ ಒಂದು ಹಗುರವಾದ ಐರನ್ನನ್ನು ತಂದು ಅವಳಿಗೆ ಕೊಟ್ಟರು. ಅವಳು ಮನಸ್ಸಿಲ್ಲದ ಮನಸ್ಸಿನಿಂದ ಎದ್ದು ಬಂದಳು. ಎರಡು ಏಟು ತಪ್ಪಿದವು. ಮೂರನೆಯದರಲ್ಲಿ ಚೆಂಡು ನೆಲವನ್ನು ಬಿಟ್ಟು ಮೇಲೆದ್ದಿತು. ಹುಡುಗಿ ಚೆಂಡನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಆ ನೋಟದಲ್ಲಿ ಸಂತೋಷವಿತ್ತು, ಸ್ವಲ್ಪ ಆಕ್ಷೇಪಣೆಯೂ ಇತ್ತು.

ನಾನು ಮಾಡಿದ ತಪ್ಪು ಇದು: ದೊಡ್ಡವರ ಕೋಲನ್ನು ಕತ್ತರಿಸಿದರೆ ಅದು ಮಕ್ಕಳ ಕೋಲಾಗುವುದಿಲ್ಲ. ಉದ್ದ ಕುಗ್ಗುತ್ತದೆ, ತಲೆಯ ಭಾರ ಹಾಗೆಯೇ ಉಳಿಯುತ್ತದೆ. ಹಿಡಿಕೋಲು ಗಿಡ್ಡವಾದಷ್ಟೂ ಬಿಗಿಯಾಗಿ, ಮಣಿಯುವ ಗುಣವನ್ನು ಕಳೆದುಕೊಳ್ಳುತ್ತದೆ. ಮಗುವು ಬೀಸುವ ಬದಲು ಭಾರವನ್ನು ಎಳೆಯತೊಡಗುತ್ತದೆ.

"ಯಜಮಾನರೇ, ನನ್ನ ಕೋಲು ಹೇಗೆ?" ಎಂದು ಕೇಳಿದೆನು. ಅವರು ಉತ್ತರ ಹೇಳಲಿಲ್ಲ. ಜೇಬಿನಿಂದ ಒಂದು ಸೀಮೆಸುಣ್ಣದ ತುಂಡನ್ನು ತೆಗೆದು ನನ್ನ ಬ್ಲೇಡಿನ ಮುಖಕ್ಕೆಲ್ಲ ಬಳಿದು, "ಹತ್ತು ಹೊಡೀರಿ" ಎಂದರು. ಪ್ರತಿಯೊಂದು ಹೊಡೆತಕ್ಕೂ ಚೆಂಡು ತಗಲಿದ ಕಡೆ ಸುಣ್ಣ ಅಳಿಸಿ ಒಂದು ಗುರುತು ಉಳಿಯಿತು. ಮೂವತ್ತೆರಡು ವರ್ಷ ಸೀಮೆಸುಣ್ಣವನ್ನು ಹಿಡಿದು ಪರರ ತಪ್ಪುಗಳನ್ನು ಎಣಿಸಿದವನು, ಅಂದು ನನ್ನದೇ ಉತ್ತರಪತ್ರಿಕೆಯನ್ನು ತಿದ್ದಿದೆನು. ಮುಖದ ನಡುವೆ ಬಿದ್ದ ಗುರುತು ಒಂದು. ಉಳಿದ ಒಂಬತ್ತು ತುದಿಯಲ್ಲಿ, ಬುಡದಲ್ಲಿ, ಅಂಚಿನಲ್ಲಿ ಹರಡಿಕೊಂಡಿದ್ದವು. ನೂರಕ್ಕೆ ಹತ್ತು. ನನ್ನ ಶಾಲೆಯಲ್ಲಿ ಮೂವತ್ತೈದಕ್ಕೆ ಕಡಮೆಯಾದವನು ನಪಾಸು.

ಆ ರಾತ್ರಿ ಕುಳಿತು ವಿಚಾರಮಾಡಿದೆನು. ಗಣಿತದವನಿಗೆ ಇದರ ಮರ್ಮ ಕಠಿಣವಾದುದಲ್ಲ. ಅಡ್ಡೆ ಹೊತ್ತವನನ್ನು ನೋಡಿರುವಿರಷ್ಟೆ. ಎರಡು ಕೊಡಗಳು ಅಡ್ಡೆಯ ಎರಡು ತುದಿಗಳಲ್ಲಿ ತೂಗುತ್ತಿರುವಾಗ ಅವನನ್ನು ಯಾರಾದರೂ ಒಂದು ಪಕ್ಕಕ್ಕೆ ತಳ್ಳಿದರೂ ಅಡ್ಡೆಯು ಸುಲಭವಾಗಿ ಸುತ್ತುವುದಿಲ್ಲ. ಅದೇ ಭಾರವನ್ನು ಎದೆಗೆ ಅವುಚಿಕೊಂಡಿದ್ದರೆ ಬುಗುರಿಯಂತೆ ತಿರುಗಿಬಿಡುತ್ತಾನೆ. ಬ್ಲೇಡಿನಲ್ಲಿ ಲೋಹವೆಲ್ಲ ನಡುವಿನ ಹತ್ತಿರ ಸೇರಿರುತ್ತದೆ. ನಡುವಿಗೆ ಸರಿಯಾಗಿ ಹೊಡೆದರೆ ಅದರಂತಹ ಸುಖ ಬೇರೆಯಿಲ್ಲ. ತುದಿಗೆ ತಗಲಿತೋ, ತಲೆ ತಿರುಚಿಕೊಳ್ಳುತ್ತದೆ, ಚೆಂಡು ದಾರಿ ತಪ್ಪುತ್ತದೆ, ದೂರ ಕುಗ್ಗುತ್ತದೆ, ಪೆಟ್ಟು ಕೈಗೆ ಬರುತ್ತದೆ. ಬೆನ್ನನ್ನು ತೋಡಿ ಆ ಲೋಹವನ್ನು ಅಂಚಿಗೆ ಹಂಚಿದರೆ ಅಡ್ಡೆಯ ಕೊಡಗಳಂತಾಗಿ, ತಪ್ಪಿ ಬಿದ್ದ ಏಟನ್ನೂ ಕೋಲು ಅಷ್ಟಾಗಿ ತಿರುಚದೆ ತಾಳಿಕೊಳ್ಳುತ್ತದೆ.

ಈ ಯುಕ್ತಿಯನ್ನು ಜಗತ್ತಿನಲ್ಲಿ ಬಳಕೆಗೆ ತಂದವರಲ್ಲಿ ಮುಖ್ಯರು ಕಾರ್ಸ್ಟನ್ ಸೋಲ್‌ಹೈಮ್ ಎಂಬವರು. 1911ರಲ್ಲಿ ನಾರ್ವೆಯಲ್ಲಿ ಹುಟ್ಟಿ, ಅಮೆರಿಕದಲ್ಲಿ ಬೆಳೆದು, ಜನರಲ್ ಎಲೆಕ್ಟ್ರಿಕ್ ಕಂಪೆನಿಯಲ್ಲಿ ಎಂಜಿನಿಯರರಾಗಿದ್ದರು. ನಲವತ್ತು ದಾಟಿದ ಮೇಲೆ ಗಾಲ್ಫನ್ನು ಹಿಡಿದು, ಚೆಂಡನ್ನು ಕುಳಿಗೆ ಉರುಳಿಸುವುದು ತಮಗೆ ಸಾಧಿಸದಿರಲು, ಕೋಲನ್ನೇ ಪರೀಕ್ಷಿಸಿದರು. 1959ರಲ್ಲಿ ಮನೆಯ ಗ್ಯಾರೇಜಿನಲ್ಲಿ, ಭಾರವನ್ನು ಎರಡು ತುದಿಗಳಿಗೆ ಸರಿಸಿ ಒಂದು ಪಟ್ಟರನ್ನು ಮಾಡಿದರು. ಚೆಂಡಿಗೆ ತಗಲಿದಾಗ ಅದು ಪಿಂಗ್ ಎಂದು ನಾದಮಾಡಿತೆಂದು ಆ ಹೆಸರನ್ನೇ ಇಟ್ಟರು. ಮುಂದೆ ಅದೇ ತತ್ತ್ವವನ್ನು ಐರನ್ನುಗಳಿಗೂ ಅಳವಡಿಸಿದರು. ಕುಣಿಯಲಾಗದೆ ಈ ಮಹಾಶಯರು ನೆಲವನ್ನು ಅಳೆದು ನೋಡಿದರು. ನೆಲ ನಿಜವಾಗಿಯೂ ಡೊಂಕಾಗಿತ್ತು! ಅಂದಿನಿಂದ ನಾನು ಆ ಗಾದೆಯನ್ನು ಹೇಳುವುದನ್ನು ಬಿಟ್ಟಿದ್ದೇನೆ.

ಇನ್ನು, ಮನೆಯಲ್ಲಿ ಯಾರಾದರೂ ಈ ಆಟಕ್ಕೆ ಕೈಹಾಕುವುದಾದರೆ ಉಪಯೋಗಕ್ಕೆ ಬರಲೆಂದು, ನಾನು ಕಲಿತದ್ದನ್ನು ಹೇಳುತ್ತೇನೆ. ಹ್ಯಾಂಡಿಕ್ಯಾಪ್ ಇಪ್ಪತ್ತರ ಮೇಲಿರುವವರೂ ಹೊಸಬರೂ ಅಗಲವಾದ ತಳವುಳ್ಳ, ಬೆನ್ನು ತೋಡಿದ ಐರನ್ನುಗಳನ್ನೇ ಹಿಡಿಯತಕ್ಕದ್ದು. ಹೊಸಬರ ಕೋಲು ಚೆಂಡಿಗಿಂತ ಮೊದಲು ನೆಲಕ್ಕೆ ತಗಲುವುದು ಸಾಮಾನ್ಯ. ತೆಳುವಾದ ತಳವು ಗುದ್ದಲಿಯಂತೆ ಮಣ್ಣಿಗಿಳಿಯುತ್ತದೆ, ಅಗಲವಾದುದು ಜಾರಿಕೊಂಡು ಮುಂದಕ್ಕೆ ಸಾಗುತ್ತದೆ. ಚೆಂಡು ಸದಾ ಬಲಕ್ಕೆ ಓಡುವುದಾದರೆ, ಮುಖವು ಹಿಡಿಕೋಲಿನ ನೇರಕ್ಕಿಂತ ಕೊಂಚ ಹಿಂದೆ ಸರಿದಿರುವ ಕೋಲು ಬಲಗೈ ಆಟಗಾರನಿಗೆ ನೆರವಾಗುತ್ತದೆ. ಹತ್ತರಿಂದ ಇಪ್ಪತ್ತರವರೆಗಿನವರಿಗೆ ಮಧ್ಯಮ ಗಾತ್ರದವು. ಒಂದಂಕಿಯ ಕೆಳಭಾಗಕ್ಕೆ ಇಳಿದವರು, ಚೆಂಡನ್ನು ಬೇಕಾದಂತೆ ಬಾಗಿಸಬಲ್ಲವರು, ಬ್ಲೇಡನ್ನು ಯೋಚಿಸಬಹುದು. ಹೊಟ್ಟೆಪಾಡಿಗೆ ಆಡುವ ಚಾಂಪಿಯನ್ನರಲ್ಲಿಯೂ ಬೆನ್ನು ತೋಡಿದವನ್ನು ಹಿಡಿಯುವವರು ಅನೇಕರಿದ್ದಾರೆ ಎಂಬುದನ್ನು ಮರೆಯಬಾರದು.

ಹಿಡಿಕೋಲಿನ ವಿಚಾರವೂ ಅಷ್ಟೇ ಮುಖ್ಯ. ಉಕ್ಕಿನವು ನೂರು ಗ್ರಾಮಿನ ಆಸುಪಾಸು ಅಥವಾ ಅದಕ್ಕಿಂತ ಹೆಚ್ಚು ತೂಗುತ್ತವೆ. ಗ್ರಾಫೈಟಿನವು ಸಾಮಾನ್ಯವಾಗಿ ಐವತ್ತರಿಂದ ಎಂಬತ್ತು ಗ್ರಾಂ. ನಿಧಾನವಾಗಿ ಬೀಸುವವರಿಗೂ ಕೀಲುನೋವಿನವರಿಗೂ ಹಗುರವಾಗಿ ಮಣಿಯುವುದೇ ಹಿತ. 3 ಮತ್ತು 4ನೆಯ ಉದ್ದದ ಐರನ್ನುಗಳು ಬಹುಮಂದಿಗೆ ಬರಿಯ ಹೊರೆ. ಅವಕ್ಕೆ ಬದಲಾಗಿ ಉಬ್ಬಿದ ತಲೆಯ ಹೈಬ್ರಿಡ್ ಎಂಬ ಕೋಲನ್ನು ಇಟ್ಟುಕೊಳ್ಳಬಹುದು. ಕೋಲಿನ ಮೇಲಿನ ಸಂಖ್ಯೆಯನ್ನೂ ನಂಬಬೇಡಿ. ಹಿಂದೆ 7ನೆಯ ಐರನ್ನಿನ ಮುಖವು ಸುಮಾರು 35 ಡಿಗ್ರಿಗಳಷ್ಟು ವಾಲಿರುತ್ತಿತ್ತು. ಈಗಿನ ಹೊಸಬರ ಕೋಲುಗಳಲ್ಲಿ ಅನೇಕವು 30ಕ್ಕೂ ಕಡಮೆ. ಹೊಸ 7ರಿಂದ ಚೆಂಡು ಹೆಚ್ಚು ದೂರ ಹೋದರೆ ಅದರಲ್ಲಿ ನಿಮ್ಮ ತೋಳಿನ ಪಾಲೆಷ್ಟು, ಆ ಡಿಗ್ರಿಗಳ ಪಾಲೆಷ್ಟು ಎಂದು ಲೆಕ್ಕಹಾಕಿ. ಕೊಳ್ಳುವ ಮೊದಲು ಸೀಮೆಸುಣ್ಣದ ಪರೀಕ್ಷೆಯನ್ನಂತೂ ಬಿಡಬೇಡಿ.

"ತಪ್ಪನ್ನು ಕ್ಷಮಿಸುವ ಕೋಲು ಆಟವನ್ನು ಕಲಿಸುವುದಿಲ್ಲ, ಬ್ಲೇಡು ತಪ್ಪನ್ನು ತಪ್ಪೆಂದೇ ಹೇಳುತ್ತದೆ" ಎಂದು ವಾದಿಸುವವರುಂಟು. ನಾನೂ ವರ್ಷವಿಡೀ ಅದನ್ನೇ ಹೇಳಿಕೊಂಡು ಸಮಾಧಾನಪಟ್ಟೆನು. ಆದರೆ ತಪ್ಪೆಂದು ಹೇಳಿದ ಮಾತ್ರಕ್ಕೆ ಕಲಿಸಿದಂತಾಗುವುದೇ? ಹತ್ತರಲ್ಲಿ ಏಳು ಸರಿಯಿದ್ದವನಿಗೆ ಉಳಿದ ಮೂರರ ತಪ್ಪು ಪಾಠವಾಗುತ್ತದೆ. ಹತ್ತರಲ್ಲಿ ಒಂಬತ್ತು ತಪ್ಪಿದವನಿಗೆ ಅದು ಬರಿಯ ಗದ್ದಲ. ಯಾವುದು ಏಕೆ ತಪ್ಪಿತೆಂದು ಅವನಿಗೆ ಕೇಳಿಸುವುದಿಲ್ಲ. ಅವನಿಗೆ ಮೊದಲು ಬೇಕಾದದ್ದು ಚೆಂಡು ಮೇಲಕ್ಕೆದ್ದ ಒಂದು ಏಟು.

ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಎಂಬ ತರುಣಿಯ ವಿಚಾರವನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ, ತಾಯಿಯೇ ಕ್ಯಾಡಿಯಾಗಿ ಚೀಲವನ್ನು ಹೊತ್ತಿರಲು, ಆಕೆ ನಾಲ್ಕನೆಯ ಸ್ಥಾನವನ್ನು ಪಡೆದರು. ಪದಕದ ಸಾಲು ತಪ್ಪಿದ್ದು ಒಂದೇ ಒಂದು ಹೊಡೆತದಿಂದ. ಅಲ್ಲಿ ಆಡಿದವರಲ್ಲಿ ಚೆಂಡನ್ನು ಅತಿ ಕಡಮೆ ದೂರ ಹೊಡೆಯುವವರ ಸಾಲಿನಲ್ಲಿ ಆಕೆಯೂ ಒಬ್ಬರು. ಪರರು ಗಿಡ್ಡ ಐರನ್ನನ್ನು ಹಿಡಿಯುವ ಕಡೆ ಹೈಬ್ರಿಡ್ಡನ್ನು ಹಿಡಿಯಲು ಆಕೆ ನಾಚಲಿಲ್ಲ; ಕುಳಿಯ ಬಳಿಯ ಜಾಣ್ಮೆಯಿಂದ ಅಂತರವನ್ನು ತುಂಬಿಕೊಂಡರು. ಜಗತ್ತಿನ ಶ್ರೇಷ್ಠರ ನಡುವೆ ನಿಂತ ಆಕೆಗಿಲ್ಲದ ಸಂಕೋಚ ಈ ಪಿಂಚಣಿದಾರನಿಗೆ ಏತಕ್ಕೆ ಬೇಕಾಗಿತ್ತು?

ಇಷ್ಟನ್ನು ಯೋಚಿಸುತ್ತಿದ್ದಾಗ ಒಬ್ಬ ಹುಡುಗನ ನೆನಪು ಬಂದಿತು. ಹಿಂದಿನ ಬೆಂಚಿನವನು. ತಂದೆಯ ತೆಂಗಿನಕಾಯಿ ಅಂಗಡಿಯ ಲೆಕ್ಕವನ್ನೆಲ್ಲ ಬಾಯಲ್ಲೇ ಮಾಡುತ್ತಿದ್ದನು; ನನ್ನ ಬೀಜಗಣಿತ ಮಾತ್ರ ಅವನಿಗೆ ಹತ್ತಲಿಲ್ಲ. ಎಲ್ಲರಿಗೂ ಒಂದೇ ಲೆಕ್ಕ, ಎಲ್ಲರಿಗೂ ಒಂದೇ ಮಾತು, "ಗಮನ ಕೊಡು" ಎಂದು. ಕಾಯಿಯ ಲೆಕ್ಕದಿಂದಲೇ ಆರಂಭಿಸಿ ಅವನನ್ನು ಬೀಜಗಣಿತಕ್ಕೆ ಕರೆತರಬಹುದಾಗಿತ್ತೆಂದು ನನಗೆ ಹೊಳೆಯಲಿಲ್ಲ. ಒಂಬತ್ತನೆಯ ತರಗತಿಯ ನಡುವೆ ಅವನು ಶಾಲೆಯನ್ನು ಬಿಟ್ಟನು. ಹಾಜರಿ ಪುಸ್ತಕದಲ್ಲಿ ಅವನ ಹೆಸರನ್ನು ಹೊಡೆದುಹಾಕಿದವನು ನಾನೇ. ಅವನ ಕೈಗೆ ನಾನು ಕೊಟ್ಟದ್ದು ಬ್ಲೇಡು ಎಂದು ತಿಳಿಯಲು ನನಗೆ ಅರವತ್ತು ತುಂಬಬೇಕಾಯಿತು.

ಮರುದಿನ ಮೊಮ್ಮಗಳನ್ನು ಬೆಂಚಿನ ಮೇಲೆ ಕೂರಿಸಿಕೊಂಡು, "ತಪ್ಪು ನನ್ನದು, ಮಗು" ಎಂದೆನು. ಅವಳು ಸ್ವಲ್ಪ ಯೋಚಿಸಿ, "ಪರವಾಗಿಲ್ಲ ತಾತ, ನಿಮಗೆ ಗೊತ್ತಿರಲಿಲ್ಲ" ಎಂದಳು. ಶಿಕ್ಷಕನಾಗಿದ್ದವನಿಗೆ ಇದಕ್ಕಿಂತ ನಿಖರವಾದ ತೀರ್ಪು ಬೇರೆ ಬೇಕಾಗಿಲ್ಲ.

ನನ್ನ ಬ್ಲೇಡುಗಳಲ್ಲಿ ಉಳಿದವು ಈಗ ಆ ವೃದ್ಧರ ಮಗನ ಚೀಲದಲ್ಲಿವೆ. ಅವನು ಬಹು ಚೆನ್ನಾಗಿ ಆಡುತ್ತಾನೆ. ಅವನು ಹೊಡೆದಾಗ ಆ ಕೋಲುಗಳಿಂದ ಬರುವ ಮೃದುವಾದ ಸದ್ದನ್ನು, ಅವು ನನ್ನಲ್ಲಿದ್ದ ಒಂದು ವರ್ಷದಲ್ಲಿ ನಾನು ಕೇಳಿಯೇ ಇರಲಿಲ್ಲ. ನಾನು ಅಗಲವಾದ ತಳದ ಹಳೆಯ ಜೊತೆಯೊಂದನ್ನು ಅರ್ಧ ಬೆಲೆಗೆ ಕೊಂಡೆನು. ಬಚ್ಚಲುಮನೆಯ ಮಾಡೂ ರಿಪೇರಿಯಾಯಿತು. ಕಾಫಿ ಆರುವುದೂ ನಿಂತಿದೆ. ಹತ್ತು ಗುರುತುಗಳಲ್ಲಿ ಈಗ ನಾಲ್ಕು ನಡುವಿನಲ್ಲಿ ಬೀಳುತ್ತವೆ. ಅಂತೂ ಪಾಸಾದೆನು.

ಈ ವರ್ಷದ ರಜಕ್ಕೆ ಬಂದ ಹುಡುಗಿ ಒಂದು ಗೇಣು ಬೆಳೆದಿದ್ದಾಳೆ. ಚೀಲವನ್ನು ಇಳಿಸುವ ಮೊದಲೇ ಅವಳು ಕೇಳಿದ್ದು: "ತಾತ, ಹೋದ ವರ್ಷದ ಕೋಲು ನನಗೆ ಚಿಕ್ಕದಾಯಿತು. ಮೊದಲು ಅಳತೆ ತೆಗೆಯೋಣವಾ?" ಗೋಡೆಗೆ ಬೆನ್ನುಕೊಟ್ಟು ಅವಳು ನಿಂತಳು. ನಾನು ಸೀಮೆಸುಣ್ಣವನ್ನು ಹುಡುಕಲು ಹೊರಟೆನು.